ಮರುಭೂಮಿಯಲ್ಲಿ ಮಿಕ್ಸಿ ತಿರುಗಬೇಕಾದರೆ

ಬೆಳಗಿನ ಜಾವ ನಾಲ್ಕಕ್ಕೆ, ಗಾಡಿಯ ಒಳಗನ್ನು ಬೆಚ್ಚಗಿಡುವ ಫರ್ನೇಸಿನ ಫ್ಯಾನು ಏದುಸಿರು ಬಿಡುತ್ತಾ ನಿಂತೇ ಹೋಯಿತು. ಅದರ ಹಿಂದೆಯೇ ಗ್ಯಾಸ್ ಡಿಟೆಕ್ಟರ್ ಕೀಂ ಕೀಂ ಅನ್ನತೊಡಗಿತು. ಗ್ಯಾಸೇನೂ ಸೋರಿರಲಿಲ್ಲ, ಬ್ಯಾಟರಿ ಸತ್ತಿತ್ತು. ಅರಿಝೋನಾದ ಕ್ವಾರ್ಟ್ಜ್‌ಸೈಟ್ ಬಯಲು, ಜನವರಿ ತಿಂಗಳು, ನಮ್ಮ ಆರ್‌ವಿಯಲ್ಲಿ, ಅಂದರೆ ಗಾಡಿಯ ಹಿಂದೆ ಎಳೆದೊಯ್ಯುವ ಟ್ರೇಲರ್ ಮನೆಯಲ್ಲಿ, ಮೊದಲ ರಾತ್ರಿ. ಇದ್ದಬದ್ದ ರಗ್ಗನ್ನೆಲ್ಲ ಹೊದ್ದು ನಾಲ್ಕೂ ಜನ ಒಂದೇ ಹಾಸಿಗೆಯಲ್ಲಿ ಬೆಳಗು ಮಾಡಿದೆವು. ಅಷ್ಟೂ ಹೊತ್ತು ನಮ್ಮ ತಲೆಯ ಮೇಲೆ, ಚಾವಣಿಯಲ್ಲಿ, 200 ವಾಟಿನ ಸೋಲಾರ್ ಪ್ಯಾನೆಲ್ ಇತ್ತು.

ಫೀನಿಕ್ಸ್‌ನಿಂದ ಎರಡು ಗಂಟೆಯ ದಾರಿಯ ಆ ಬಯಲು ಕೇಂದ್ರ ಸರ್ಕಾರದ ಭೂಮಿ. ಸೆಪ್ಟೆಂಬರ್ 15ರಿಂದ ಏಪ್ರಿಲ್ 15ರವರೆಗೆ ಅಲ್ಲಿನ ನಿಗದಿತ ಜಾಗಗಳಲ್ಲಿ ಪರ್ಮಿಟ್ ಪಡೆದು ತಿಂಗಳುಗಟ್ಟಲೆ ಬೀಡುಬಿಡಬಹುದು. ಉತ್ತರದ ಹಿಮದಿಂದ ತಪ್ಪಿಸಿಕೊಂಡು ಬಂದ ನಿವೃತ್ತರದೇ ಅಲ್ಲೊಂದು ಊರಾಗುತ್ತದೆ. ಆದರೆ ಕರೆಂಟಿನ ಕಂಬ ಇಲ್ಲ. ಜನರೇಟರ್ ಇಟ್ಟುಕೊಳ್ಳಬಹುದು, ನಕ್ಷತ್ರ ನೋಡಲು ಅಷ್ಟು ದೂರ ಬಂದು ಅದರ ಗುಡುಗುಡು ಕೇಳುತ್ತಾ ಕೂರುವುದು ನನಗಂತೂ ಆಗದ ಮಾತು. ಉಳಿದದ್ದು ಬಿಸಿಲು.

ಪ್ಯಾನೆಲ್ ಅಂಗಡಿಗೆ ಹೋಗಬೇಡಿ, ಕಾಗದ ಪೆನ್ನು ತನ್ನಿ

ಮನೆಯ ಯುಪಿಎಸ್ ಬ್ಯಾಟರಿಯ ಮೇಲೆ 150 ಎಎಚ್ (ಆಂಪಿಯರ್-ಅವರ್) ಎಂದು ಬರೆದಿರುವುದನ್ನು ನೋಡಿದ್ದೀರಲ್ಲ, ಇಲ್ಲೂ ಅದೇ ಲೆಕ್ಕ. ಒಂದು ಉಪಕರಣ ಎಷ್ಟು ಆಂಪಿಯರ್ ಎಳೆಯುತ್ತದೆ, ದಿನಕ್ಕೆ ಎಷ್ಟು ಗಂಟೆ ಓಡುತ್ತದೆ ಎಂಬೆರಡನ್ನು ಗುಣಿಸಿದರೆ ಆಯಿತು. ಚಳಿಗಾಲದ ಒಂದು ದಿನಕ್ಕೆ ನಮ್ಮ ಲೆಕ್ಕ ಹೀಗಿತ್ತು. ಫರ್ನೇಸಿನ ಫ್ಯಾನು 7 ಆಂಪಿಯರ್, ರಾತ್ರಿಯಲ್ಲಿ ಒಟ್ಟು ಐದು ಗಂಟೆ ಓಡಿದರೆ 35 ಎಎಚ್. ಲ್ಯಾಪ್‌ಟಾಪ್, ಫೋನ್‌ಗಳಿಗೆ 18. ಎಲ್‌ಇಡಿ ದೀಪಕ್ಕೆ 8. ನೀರಿನ ಪಂಪು ಎಷ್ಟೇ ಗದ್ದಲ ಮಾಡಿದರೂ ಓಡುವುದು ಕಾಲು ಗಂಟೆ, 2 ಎಎಚ್ ಸಾಕು. ಗ್ಯಾಸ್ ಫ್ರಿಜ್ಜಿನ ಸರ್ಕ್ಯೂಟು, ಡಿಟೆಕ್ಟರು, ರೇಡಿಯೋ ಇವೆಲ್ಲ ಸೇರಿ ಸದ್ದಿಲ್ಲದೆ ಅರ್ಧ ಆಂಪಿಯರ್ ಕುಡಿಯುತ್ತಲೇ ಇರುತ್ತವೆ. ದಿನವಿಡೀ ಅಂದರೆ 12. ಮಿಕ್ಸಿಗೆ 5. ಒಟ್ಟು 80 ಎಎಚ್; 12 ವೋಲ್ಟಿನ ಬ್ಯಾಟರಿಯಾದ್ದರಿಂದ ಹೆಚ್ಚುಕಡಿಮೆ 1000 ವಾಟ್-ಅವರ್.

ಟ್ರೇಲರ್ ಜೊತೆಗೆ ಬಂದಿದ್ದ ಬ್ಯಾಟರಿ 80 ಎಎಚ್‌ನ ಲೆಡ್ ಆ್ಯಸಿಡ್. ಈ ಜಾತಿಯದನ್ನು ಅರ್ಧಕ್ಕಿಂತ ಕೆಳಗೆ ಇಳಿಸುತ್ತಾ ಹೋದರೆ ಬೇಗ ಹಾಳಾಗುತ್ತದೆ, ಹಾಗಾಗಿ ಕೈಗೆ ಸಿಗುವುದು 40. ಫರ್ನೇಸಿಗೇ 35 ಬೇಕು. ನಾಲ್ಕು ಗಂಟೆಯ ಏದುಸಿರಿನ ಗುಟ್ಟು ಇಷ್ಟೇ.

ಬ್ಯಾಟರಿ

ಈಗ ನಮ್ಮದು 100 ಎಎಚ್‌ನ ಎರಡು ಲಿಥಿಯಂ ಐರನ್ ಫಾಸ್ಫೇಟ್ ಬ್ಯಾಟರಿ. ದುಬಾರಿ, ಆದರೆ ತುಂಬಿಸಿದ್ದನ್ನು ಬಹುಪಾಲು ಬಳಸಬಹುದು. ಎರಡು ದಿನ ಮೋಡ ಮುಚ್ಚಿದರೂ ನಿದ್ದೆ ಕೆಡುವುದಿಲ್ಲ. ಒಂದು ಎಚ್ಚರಿಕೆ: ಸೊನ್ನೆ ಡಿಗ್ರಿಗಿಂತ ಕೆಳಗೆ ಇದನ್ನು ಚಾರ್ಜ್ ಮಾಡಬಾರದು. ಫ್ಲ್ಯಾಗ್‌ಸ್ಟಾಫ್‌ನಂಥ ಚಳಿ ಊರಿಗೆ ಹೋಗುವವರು ಬ್ಯಾಟರಿಯನ್ನು ಹೊರಗಿನ ಪೆಟ್ಟಿಗೆಯಲ್ಲಿ ಬಿಡದೆ ಒಳಗೆ, ಮಂಚದ ಕೆಳಗೆ ತಂದಿಟ್ಟುಕೊಳ್ಳಿ. ನೀರು ಹಾಕುವ ಲೆಡ್ ಆ್ಯಸಿಡ್ ಬ್ಯಾಟರಿಯನ್ನು ಮಾತ್ರ ಹಾಗೆ ಒಳಗೆ ತರಬೇಡಿ, ಚಾರ್ಜ್ ಆಗುವಾಗ ಅದು ಹೈಡ್ರೋಜನ್ ಬಿಡುತ್ತದೆ.

ಮಲಗಿದ ಪ್ಯಾನೆಲ್, ಎದ್ದು ನಿಂತ ಪ್ಯಾನೆಲ್

200 ವಾಟ್ ಎಂಬ ಸಂಖ್ಯೆ ಪ್ರಯೋಗಾಲಯದ್ದು. ಡಿಸೆಂಬರ್ ಕೊನೆಯಲ್ಲಿ ಕ್ವಾರ್ಟ್ಜ್‌ಸೈಟ್‌ನಲ್ಲಿ ನಡುಮಧ್ಯಾಹ್ನವೂ ಸೂರ್ಯ ದಿಗಂತದಿಂದ ಸುಮಾರು 33 ಡಿಗ್ರಿಯಷ್ಟೇ ಮೇಲಿರುತ್ತಾನೆ. ಚಾವಣಿಯ ಮೇಲೆ ಅಂಗಾತ ಮಲಗಿದ ಪ್ಯಾನೆಲ್‌ಗೆ ಆ ಬಿಸಿಲು ಓರೆಯಾಗಿ ಬಡಿದು ಜಾರಿಹೋಗುತ್ತದೆ. ಇಡೀ ದಿನದ್ದನ್ನು ಕೂಡಿಸಿದರೂ ಸುಮಾರು ಮೂರು ಗಂಟೆಯ ಪೂರ್ಣ ಬಿಸಿಲಿಗೆ ಸಮ. ಅದನ್ನೇ ದಕ್ಷಿಣಕ್ಕೆ ಮುಖ ಮಾಡಿ, ನೆಲದಿಂದ 55 ಡಿಗ್ರಿ ಎತ್ತಿ ನಿಲ್ಲಿಸಿದರೆ ಐದು ಗಂಟೆಯ ಹತ್ತಿರ. ವೈರು, ಬಿಸಿ, ದೂಳು ಅಂತ ಕಾಲು ಭಾಗ ಕಳೆಯಿರಿ. ಅಲ್ಲಿಗೆ ಮಲಗಿದ 200 ವಾಟಿನಿಂದ 450 ವಾಟ್-ಅವರ್, ನಿಂತ 200 ವಾಟಿನಿಂದ 750.

ಹಾಗಾಗಿ ಚಾವಣಿಯ ಮೇಲೆ ಇನ್ನೊಂದನ್ನು ಜಡಿಯುವ ಬದಲು ಸೂಟ್‌ಕೇಸಿನಂತೆ ಮಡಚುವ 200 ವಾಟಿನ ಪ್ಯಾನೆಲ್ ತಂದೆವು. ಬೆಳಿಗ್ಗೆ ಪೂರ್ವದ ಕಡೆಗೆ ಒಂದಿಷ್ಟು ತಿರುಗಿಸುವುದು, ಮಧ್ಯಾಹ್ನ ಮತ್ತೆ ಸರಿಸುವುದು ಮಕ್ಕಳ ಕೆಲಸ. ಎರಡೂ ಸೇರಿ 1200, ಬೇಕಾದದ್ದು 1000. ಗಾಳಿ ಬೀಸುವ ಬಯಲು, ಪ್ಯಾನೆಲ್‌ನ ಕಾಲಿಗೆ ಕಲ್ಲು ಹೇರುವುದನ್ನು ಮರೆಯಬೇಡಿ.

ನೆರಳಿನ ವಿಷಯದಲ್ಲಿ ಜಿಪುಣರಾಗಿ. ಚಾವಣಿಯ ಎಸಿ ಡಬ್ಬದ ನೆರಳು ಪ್ಯಾನೆಲ್‌ನ ಒಂದು ಮೂಲೆಗೆ ಬಿದ್ದರೂ ಒಂದು ಇಡೀ ಸಾಲು ಸೆಲ್ ಕೈಕೊಡುತ್ತದೆ. ಗಾಡಿ ನಿಲ್ಲಿಸುವ ಮುನ್ನವೇ ಕೆಳಗಿಳಿದು ಒಮ್ಮೆ ಆಕಾಶ ನೋಡಿ.

ವೈರಿಂಗ್

ಪ್ಯಾನೆಲ್‌ಗೂ ಬ್ಯಾಟರಿಗೂ ನಡುವೆ, ಚಾರ್ಜ್ ಹದ್ದುಮೀರದಂತೆ ನೋಡಿಕೊಳ್ಳುವ ಚಾರ್ಜ್ ಕಂಟ್ರೋಲರ್ ಇರಲೇಬೇಕು. ಅದರಲ್ಲಿ ಎರಡು ಬಗೆ. ಪಿಡಬ್ಲ್ಯುಎಂ ಅಗ್ಗ; ಎಂಪಿಪಿಟಿ ಪ್ಯಾನೆಲ್‌ನ ಹೆಚ್ಚುವರಿ ವೋಲ್ಟೇಜನ್ನೂ ಆಂಪಿಯರ್ ಆಗಿ ಬದಲಿಸಿಕೊಡುತ್ತದೆ. 200 ವಾಟ್ ದಾಟಿದರೆ ಎರಡನೆಯದಕ್ಕೇ ದುಡ್ಡು ಹಾಕಿ. ಅದನ್ನು ಬ್ಯಾಟರಿಗೆ ಆದಷ್ಟು ಹತ್ತಿರ ಕೂರಿಸಿ. ಬ್ಯಾಟರಿಯ ಪ್ಲಸ್ ತುದಿಯಿಂದ ಗೇಣು ದೂರದೊಳಗೆ ಫ್ಯೂಸ್ ಇರಲಿ. ಬೆಂಕಿಯ ಭಯ ಪ್ಯಾನೆಲ್‌ಗಿಂತ ಬ್ಯಾಟರಿಯಿಂದಲೇ ಹೆಚ್ಚು.

ಜೋಡಿಸುವಾಗ ಕಂಟ್ರೋಲರಿಗೆ ಮೊದಲು ಬ್ಯಾಟರಿ, ಆಮೇಲೆ ಪ್ಯಾನೆಲ್. ಬಿಚ್ಚುವಾಗ ಮೊದಲು ಪ್ಯಾನೆಲ್. ಬ್ಯಾಟರಿಯನ್ನು ನೋಡಿಯೇ ಎಷ್ಟು ವೋಲ್ಟಿನ ವ್ಯವಸ್ಥೆ ಎಂದು ಕಂಟ್ರೋಲರ್ ತಿಳಿಯುವುದು. ತಲೆಕೆಳಗಾದರೆ ಅದು ಸುಟ್ಟೂ ಹೋಗಬಹುದು. ಬಳಿಕ ಸೆಟ್ಟಿಂಗ್‌ನಲ್ಲಿ ಬ್ಯಾಟರಿಯ ಜಾತಿ ಆರಿಸಿ.

ನಮ್ಮ ಟ್ರೇಲರಿನ ಮಗ್ಗುಲಲ್ಲಿ ‘ಸೋಲಾರ್ ರೆಡಿ’ ಎಂಬ ಸ್ಟಿಕ್ಕರಿನ ಸಾಕೆಟ್ ಇದೆ. ಹೊಸ ಪ್ಯಾನೆಲ್ ಚುಚ್ಚಿದೆ, ಮೀಟರಿನಲ್ಲಿ ಸೊನ್ನೆ. ಅರ್ಧ ದಿನ ಪ್ಯಾನೆಲ್ ಒರೆಸಿದೆ, ದಿಕ್ಕು ಬದಲಿಸಿದೆ, ಹೆಂಡತಿಯ ಮುಖ ನೋಡುವುದನ್ನು ತಪ್ಪಿಸಿದೆ. ಪಕ್ಕದ ಟ್ರೇಲರಿನ ಅಜ್ಜ ಬಂದು ಮಲ್ಟಿಮೀಟರ್ ಹಿಡಿದರೆ 20ರ ಹಿಂದೆ ಮೈನಸ್ ಚಿಹ್ನೆ! ಆ ಸಾಕೆಟ್‌ನ ಪ್ಲಸ್ಸು ಮೈನಸ್ಸು ನನ್ನ ಪ್ಯಾನೆಲ್‌ನದಕ್ಕೆ ಉಲ್ಟಾ. ಕೆಲವು ಡಾಲರಿನ ಅಡಾಪ್ಟರಿನಿಂದ ಸರಿಹೋಯಿತು. ಚುಚ್ಚುವ ಮೊದಲೇ ಅಳೆಯಿರಿ. ಮಡಚುವ ಪ್ಯಾನೆಲ್‌ಗೆ ಅದರದೇ ಕಂಟ್ರೋಲರ್ ಅಂಟಿಕೊಂಡು ಬಂದಿದ್ದರೆ ಒಂದನ್ನು ಬದಿಗಿಡಿ. ಒಂದರ ಹಿಂದೆ ಒಂದು ಎರಡು ಕಂಟ್ರೋಲರ್ ಬೇಡ.

ಇನ್ನು ಮಿಕ್ಸಿ

ಊರಿಂದ ಹೊತ್ತು ತಂದ 230 ವೋಲ್ಟಿನ ಮಿಕ್ಸಿ ಅಮೆರಿಕದ ಇನ್ವರ್ಟರಿಗೆ ಆಗದು. ಇಂಡಿಯನ್ ಸ್ಟೋರಿನಲ್ಲಿ ಸಿಗುವ 110 ವೋಲ್ಟಿನದೇ ಬೇಕು. 550 ವಾಟಿನ ಮಿಕ್ಸಿ ಬ್ಯಾಟರಿಯಿಂದ 50 ಆಂಪಿಯರ್ ಎಳೆಯುತ್ತದೆ, ಶುರುವಾಗುವ ಕ್ಷಣದಲ್ಲಿ ಇನ್ನೂ ಹೆಚ್ಚು. ಆದ್ದರಿಂದ 1500 ವಾಟಿನ ಪ್ಯೂರ್ ಸೈನ್ ವೇವ್ (ಮನೆಯ ಕರೆಂಟಿನಂಥದ್ದೇ ನಯವಾದ ಅಲೆ ಕೊಡುವ) ಇನ್ವರ್ಟರ್, ಅದಕ್ಕೆ ಕಿರುಬೆರಳ ದಪ್ಪದ ಕೇಬಲ್. ತೆಳು ವೈರು ಹಾಕಿದರೆ ಚಟ್ನಿಗಿಂತ ಮೊದಲು ವೈರು ಬಿಸಿಯಾಗುತ್ತದೆ. ಆದರೂ ಆರು ನಿಮಿಷ ಅರೆದರೆ ಖರ್ಚು 5 ಎಎಚ್, ಅಷ್ಟೇ. ಹೊತ್ತು ನೋಡಿ ಅರೆಯಬೇಕು. ನಮ್ಮನೆಯಲ್ಲಿ ರಾತ್ರಿಯ ದೋಸೆಯ ಚಟ್ನಿಯೂ ಮಧ್ಯಾಹ್ನ ಒಂದಕ್ಕೇ ಆಗುತ್ತದೆ, ಬ್ಯಾಟರಿ ತುಂಬಿ ಬಿಸಿಲು ಪುಕ್ಕಟೆ ಹೋಗುವ ಹೊತ್ತಿಗೆ. ಅರೆದಾದ ಮೇಲೆ ಇನ್ವರ್ಟರ್ ಆರಿಸಿ, ಸುಮ್ಮನೆ ಕೂತರೂ ಅದು ಗಂಟೆಗೆ ಒಂದು ಎಎಚ್ ನುಂಗುತ್ತದೆ.

ಎಸಿ ಓಡುತ್ತದಾ ಎಂದು ಎಲ್ಲರೂ ಕೇಳುತ್ತಾರೆ. ಅದಕ್ಕೆ 1300 ವಾಟಿನ ಮೇಲೆ ಬೇಕು, ನಮ್ಮ ಎರಡು ಬ್ಯಾಟರಿಯೂ ಎರಡು ಗಂಟೆಯೊಳಗೆ ಖಾಲಿ. ಎಸಿ ಬೇಕೆನ್ನುವವರು ಕರೆಂಟಿರುವ ಕ್ಯಾಂಪ್‌ಗ್ರೌಂಡಿಗೇ ಹೋಗಲಿ.

ದಿನಾ ನೋಡಬೇಕಾದ ಅಂಕಿ

ಲೆಡ್ ಆ್ಯಸಿಡ್ ಆದರೆ ವೋಲ್ಟೇಜ್ ನಿಜ ಹೇಳುತ್ತದೆ: ಸ್ವಲ್ಪ ಹೊತ್ತು ಬಿಟ್ಟು ನೋಡಿದಾಗ 12.7 ಇದ್ದರೆ ತುಂಬಿದೆ, 12.2ರ ಸುಮಾರಿಗೆ ಅರ್ಧ. ಲಿಥಿಯಂ ಬಲು ಮೋಸಗಾರ. ಮುಕ್ಕಾಲು ಇದ್ದಾಗಲೂ, ಅರ್ಧಕ್ಕೆ ಇಳಿದಾಗಲೂ 13.2ರ ಆಸುಪಾಸೇ ತೋರಿಸಿ, ಕೊನೆಗೆ ದಿಢೀರನೆ ಬೀಳುತ್ತದೆ. ಅದಕ್ಕೆ ಮೈನಸ್ ತಂತಿಯಲ್ಲಿ ಶಂಟ್ (ಹರಿಯುವ ಕರೆಂಟನ್ನು ಅಳೆಯುವ ಪಟ್ಟಿ) ಇರುವ ಬ್ಯಾಟರಿ ಮಾನಿಟರ್ ಹಾಕಿಸಿ. ಒಳಗೆ ಬಂದ, ಹೊರಗೆ ಹೋದ ಪ್ರತಿ ಆಂಪಿಯರನ್ನೂ ಎಣಿಸುತ್ತದೆ. ಇದನ್ನು ಪ್ಯಾನೆಲ್‌ಗಿಂತ ಮೊದಲೇ ಕೊಂಡಿದ್ದರೆ ಆ ರಾತ್ರಿ ರಗ್ಗಿನೊಳಗೆ ಮುದುಡಬೇಕಾಗಿರಲಿಲ್ಲ.

ಏಪ್ರಿಲ್‌ನಲ್ಲಿ ಗಾಡಿಯನ್ನು ಶೆಡ್ಡಿಗೆ ಸೇರಿಸುವಾಗ ಲಿಥಿಯಂ ಬ್ಯಾಟರಿಯನ್ನು ಅರ್ಧದ ಆಸುಪಾಸಿಗೆ ಇಳಿಸಿ, ತಂತಿ ಬಿಚ್ಚಿ, ತಂಪಾದ ಕಡೆ ಇಡಿ. ಲೆಡ್ ಆ್ಯಸಿಡ್ ಆದರೆ ಪೂರ್ತಿ ತುಂಬಿಸಿಯೇ ಇಡಬೇಕು. ತಿಂಗಳಿಗೊಮ್ಮೆ ಡಿಸ್ಟಿಲ್ಡ್ ವಾಟರ್ ಮಟ್ಟ ನೋಡಿ. ಬಿಚ್ಚುವ ಮುನ್ನ ಪ್ಯಾನೆಲ್ ಮೇಲೆ ಹಳೆಯ ಜಮಖಾನ ಹೊದಿಸಿ. ಬಿಸಿಲು ಬೀಳುವಷ್ಟು ಹೊತ್ತೂ ಅದರ ತಂತಿಯಲ್ಲಿ ಕರೆಂಟು ಇದ್ದೇ ಇರುತ್ತದೆ, ಸ್ವಿಚ್ಚೇ ಇಲ್ಲ.