ಉಪ್ಪುನೀರಿಗೆ ರೀಲ್: ಡ್ರ್ಯಾಗ್ ಎಳೆದು ನೋಡಿ, ಆಮೇಲೆ ದುಡ್ಡು ಕೊಡಿ

ಗೋವಾದ ವಾಸ್ಕೋದಲ್ಲಿ ಗಾಳ ಹಾಕುವ ಹುಚ್ಚಿರುವ ನಮ್ಮ ಕಡೆಯವರು ಸಾಕಷ್ಟು ಜನ ಇದ್ದಾರೆ. ಕಾರವಾರ, ಅಂಕೋಲಾದವರಿಗೆ ಸಮುದ್ರ ಹೊಸದಲ್ಲ. ಆದರೆ ಹಾವೇರಿ, ಗದಗ ಕಡೆಯಿಂದ ಕೆಲಸಕ್ಕೆ ಬಂದ ಹುಡುಗರು ಊರಿನ ಕೆರೆ, ಹೊಳೆಯಲ್ಲಿ ಗಾಳ ಹಾಕಿದವರು. ಅವರು ಬೈನಾ ದಂಡೆಯಲ್ಲಿ ಸಿಕ್ಕಾಗ ಮೊದಲು ಕೇಳೋದೇ ರೀಲಿನ, ಅಂದರೆ ಗಾಳದ ದಾರ ಸುತ್ತುವ ಯಂತ್ರದ ಬಗ್ಗೆ. "ಅಣ್ಣಾರ, ಇದರಾಗ ಹನ್ನೆರಡು ಬೇರಿಂಗ್ ಅದಾವಂತ, ತಗೊಳ್ಳೇನ್ರಿ?" ಅಂತ ಮೊಬೈಲಿನಲ್ಲಿ ಫೋಟೋ ತೋರಿಸುತ್ತಾರೆ. "ಬೇರಿಂಗ್ ಎಣಿಸಬೇಡ ತಮ್ಮಾ. ಡ್ರ್ಯಾಗ್ ಹೇಗಿದೆ ನೋಡು, ಉಪ್ಪುನೀರು ಎಲ್ಲಿಂದ ಒಳಗೆ ಹೋಗುತ್ತೆ ನೋಡು" ಅಂತೀನಿ. ನಾನು ನನ್ನ ರೀಲ್ ಆರಿಸಿದ್ದೂ ಹಾಗೇ. ಡ್ರ್ಯಾಗ್ ಅಂದರೆ ಮೀನು ಜೋರಾಗಿ ಎಳೆದಾಗ ದಾರ ಹರಿಯದಂತೆ ಅದನ್ನು ತಡೆದು ತಡೆದು ಬಿಡುವ ಬ್ರೇಕು.

ಮೊದಲು ಎಲ್ಲಿ, ಯಾವ ಮೀನಿಗೆ ಅನ್ನೋದು ಗೊತ್ತಿರಬೇಕು. ನಾನು ಹೋಗೋದು ಬೋಗ್ಮಾಳೊ ಕಡೆಯ ಬಂಡೆಗಳಿಗೆ, ಜುವಾರಿ ನದಿಯ ದಂಡೆಗೆ. ದೋಣಿ ಇಲ್ಲ, ನಿಂತೇ ಎಸೆಯಬೇಕು. ನನ್ನ ಲೂರ್‌ಗಳು (ನಕಲಿ ಎರೆಗಳು) 15ರಿಂದ 40 ಗ್ರಾಂ ತೂಕದವು. ಆಸೆ ಪಟ್ಟು ಕಾಯೋದು ಚೊಣಕ್‌ಗೆ. ಆಸ್ಟ್ರೇಲಿಯಾದವರು ಬಾರಮುಂಡಿ ಅನ್ನೋದೂ ಇದೇ ಮೀನಿಗೆ. ಅಳಿವೆಯಲ್ಲಿ, ಕಾಂಡ್ಲಾ ಗಿಡಗಳ ಬುಡದಲ್ಲಿ, ಸೇತುವೆ ಕಂಬಗಳ ನೆರಳಲ್ಲಿ ಇರುತ್ತೆ. ಈ ಕೆಲಸಕ್ಕೆ ಸ್ಪಿನ್ನಿಂಗ್ ರೀಲೇ ಸರಿ. ಅದು ರಾಡಿನ (ಗಾಳದ ಕೋಲಿನ) ಕೆಳಗೆ ತೂಗುತ್ತೆ, ಎಸೆಯುವಾಗ ಸ್ಪೂಲ್, ಅಂದರೆ ದಾರ ಸುತ್ತಿಕೊಳ್ಳುವ ಉರುಳೆ, ತಿರುಗದೆ ದಾರ ಮಾತ್ರ ಬಿಚ್ಚಿಕೊಳ್ಳುತ್ತೆ. ಬೇಟ್‌ಕಾಸ್ಟರ್ (ಎಸೆಯುವಾಗ ಸ್ಪೂಲೇ ತಿರುಗುವ ರೀಲ್) ಚೆನ್ನಾಗಿ ಪಳಗಿದವರ ಕೈಗೆ ಒಳ್ಳೆಯದೇ. ಆದರೆ ಎದುರು ಗಾಳಿಗೆ ಹಗುರ ಲೂರ್ ಎಸೆಯುವಾಗ ದಾರ ಗೂಡು ಕಟ್ಟಿಕೊಳ್ಳುತ್ತೆ.

ರೀಲಿನ ಅಳತೆಗೆ ಕಂಪನಿಗಳು ಕೊಡುವ ನಂಬರಿನಲ್ಲಿ 4000ದ ಆಸುಪಾಸು ಸಾಕು. ಈ ನಂಬರ್ ಎಲ್ಲಾ ಕಂಪನಿಗಳಲ್ಲೂ ಒಂದೇ ಅಲ್ಲ. ಡೈವಾದ ಎಲ್‌ಟಿ ಸರಣಿ ಬಂದ ಮೇಲೆ ಅವರ ಹಳೇ 4000ಕ್ಕೂ ಹೊಸ 4000ಕ್ಕೂ ಹೊಂದೋದಿಲ್ಲ. ಪೆನ್‌ನಲ್ಲಿ 3500, 4500 ಅಂತ ಬರುತ್ತೆ. ಹಾಗಾಗಿ ನಾನು ಸ್ಪೂಲ್ ಮೇಲೆ ಬರೆದ ದಾರದ ಲೆಕ್ಕ ನೋಡುತ್ತೇನೆ. ಉದಾಹರಣೆಗೆ 0.35 ಮಿ.ಮೀ. ಮೊನೊ (ಒಂಟಿ ಎಳೆಯ ದಾರ) 200 ಮೀಟರ್ ಅಂತ ಬರೆದಿದೆ ಅನ್ನಿ. ನಾನು ಹಾಕೋದು ಪಿಇ 2 ಬ್ರೇಡ್ (ಎಳೆಗಳನ್ನು ಹೆಣೆದ ದಾರ, 2 ಅನ್ನೋದು ದಪ್ಪದ ನಂಬರ್), ದಪ್ಪ ಸುಮಾರು 0.235 ಮಿ.ಮೀ. ದಪ್ಪದ ವರ್ಗದ ಲೆಕ್ಕದಲ್ಲಿ ಅದೇ ಸ್ಪೂಲಿಗೆ 440 ಮೀಟರ್ ಹತ್ತಿರ ಹಿಡಿಯುತ್ತೆ. ನನಗೆ ಬೇಕಾದ್ದು 200 ಮೀಟರ್. ಉಳಿದ ಜಾಗಕ್ಕೆ ಕೆಳಗೆ ಅಗ್ಗದ ಮೊನೊ ಸುತ್ತಿಬಿಡೋದು. ಇದರಿಂದ ದುಡ್ಡೂ ಉಳಿಯುತ್ತೆ, ನುಣುಪಾದ ಬ್ರೇಡ್ ಸ್ಪೂಲ್ ಮೇಲೆ ಜಾರಿ ಸುಮ್ನೆ ತಿರುಗೋದೂ ತಪ್ಪುತ್ತೆ. ಅಂಚಿಗೆ ಒಂದೆರಡು ಮಿಲಿಮೀಟರ್ ಬಿಟ್ಟು ತುಂಬಿಸಬೇಕು. ಕಮ್ಮಿ ತುಂಬಿದರೆ ಎಸೆತ ದೂರ ಹೋಗಲ್ಲ.

ಈಗ ಡ್ರ್ಯಾಗ್. ಡಬ್ಬಿಯ ಮೇಲೆ 10 ಕಿಲೋ, 12 ಕಿಲೋ ಅಂತ ದೊಡ್ಡದಾಗಿ ಹಾಕಿರುತ್ತಾರೆ. ನನಗೆ ಅದು ಬೇಡವೇ ಬೇಡ. ಪಿಇ 2 ಬ್ರೇಡ್ ಸಾಮಾನ್ಯವಾಗಿ 30 ಪೌಂಡಿನದು, ಅಂದರೆ 13.6 ಕಿಲೋ. ಡ್ರ್ಯಾಗ್ ಇಡೋದು ದಾರದ ಶಕ್ತಿಯ ಕಾಲು ಭಾಗದಿಂದ ಮೂರನೇ ಒಂದು ಭಾಗ. ನಾನು ಕಾಲು ಭಾಗಕ್ಕೇ ಇಡುತ್ತೇನೆ, ಮೂರೂವರೆ ಕಿಲೋ ಹತ್ತಿರ. ಇದನ್ನು ಅಂದಾಜಿನಲ್ಲಿ ಇಡೋದಿಲ್ಲ. ಬ್ಯಾಗ್ ತೂಗುವ ಕೈ ತಕ್ಕಡಿಯ ಕೊಕ್ಕೆಗೆ ದಾರ ಕಟ್ಟಿ, ರಾಡ್ ಬಾಗುವಂತೆ ಹಿಡಿದು, ಒಬ್ಬರಿಗೆ ಎಳೆಯೋಕೆ ಹೇಳುತ್ತೇನೆ. ದಾರ ಹೊರಡುವ ಕ್ಷಣದಲ್ಲಿ ಎಷ್ಟು ತೋರಿಸುತ್ತೆ ಅನ್ನೋದೇ ಲೆಕ್ಕ. ಒಂಬತ್ತು ಅಡಿ ರಾಡ್ ಹಿಡಿದು ಒದ್ದೆ ಬಂಡೆಯ ಮೇಲೆ ನಿಂತಾಗ ಆ ಮೂರೂವರೆ ಕಿಲೋನೇ ತೋಳಿಗೆ ಸಾಕಾಗುತ್ತೆ. 12 ಕಿಲೋ ತಗೊಂಡು ಏನು ಮಾಡೋದು?

ನೋಡಬೇಕಾದ್ದು ಆ ಮೂರೂವರೆ ಕಿಲೋದಲ್ಲಿ ದಾರ ಹೇಗೆ ಹೊರಡುತ್ತೆ ಅನ್ನೋದನ್ನ. ಚೊಣಕ್ ಕಚ್ಚಿದ ಕೂಡಲೇ ತಲೆ ಒದರುತ್ತೆ, ನೀರಿನಿಂದ ಮೇಲಕ್ಕೆ ಹಾರುತ್ತೆ, ಆಮೇಲೆ ನೇರ ಕಂಬದ ಕಡೆ ಓಡುತ್ತೆ. ಡ್ರ್ಯಾಗ್ ಮೊದಲು ಅಂಟಿಕೊಂಡು ಆಮೇಲೆ ಧಡಕ್ ಅಂತ ಬಿಟ್ಟರೆ, ಆ ಒಂದು ಜಗ್ಗಿಗೇ ಗಂಟು ಹೋಗುತ್ತೆ, ಇಲ್ಲಾ ಕೊಕ್ಕೆ ಕಿತ್ತು ಬರುತ್ತೆ. ಉಳಿದರೂ ಕಂಬಕ್ಕೆ ಮೆತ್ತಿಕೊಂಡ ಚಿಪ್ಪುಗಳಿಗೆ ದಾರ ಉಜ್ಜಿದರೆ ಮುಗೀತು. ಒಳಗೆ ಕಾರ್ಬನ್ ವಾಷರ್ ಇದ್ದರೆ ಬಿಸಿಗೂ ಒದ್ದೆಗೂ ಹೆಚ್ಚು ಬದಲಾಗಲ್ಲ. ಪೆನ್‌ನವರ ಎಚ್‌ಟಿ-100 ಅನ್ನೋದು ಇಂಥದ್ದೇ.

ಎರಡನೇದು ಉಪ್ಪುನೀರು. ಕೊನೆಗೆ ನನ್ನ ಪಟ್ಟಿಯಲ್ಲಿ ಉಳಿದದ್ದು ಡೈವಾ ಬಿಜಿ, ಪೆನ್ ಸ್ಪಿನ್‌ಫಿಶರ್ 6. ಎರಡಕ್ಕೂ ಲೋಹದ ಮೈ, ಎರಡೂ ಗಟ್ಟಿ. ನಾನು ಸ್ಪಿನ್‌ಫಿಶರ್ ತಗೊಂಡೆ. ಕಾರಣ ಒಂದೇ: ಅದರ ಮೈಗೂ ಸ್ಪೂಲಿಗೂ ಸೀಲ್ ಇದೆ, ಐಪಿಎಕ್ಸ್5 ದರ್ಜೆಯದು. ಈ 5 ಅಂದರೆ ಯಾವ ಕಡೆಯಿಂದ ನೀರು ಚಿಮ್ಮಿದರೂ ತಡೆಯುತ್ತೆ ಅಂತ. ಮುಳುಗಿಸಬಹುದು ಅಂತ ಅಲ್ಲ, ಅದಕ್ಕೆ 7 ಅಥವಾ 8 ಬೇಕು. ಬಂಡೆಯ ಮೇಲೆ ಅಲೆ ಒಡೆದು ಮೈಮೇಲೆ ಬೀಳುವ ಜಾಗಕ್ಕೆ 5 ಸರಿಯಾಗಿ ಹೊಂದುತ್ತೆ. ಸೀಲ್ ಇದ್ದರೆ ಹ್ಯಾಂಡಲ್ ಸ್ವಲ್ಪ ಬಿಗಿ ಅನ್ನಿಸುತ್ತೆ, ತೂಕವೂ ಜಾಸ್ತಿ. ನದಿ ದಂಡೆಯಲ್ಲಿ ಮಾತ್ರ ನಿಲ್ಲುವವರಾದರೆ ನಾನು ಬಿಜಿಯನ್ನೇ ಹೇಳುತ್ತೇನೆ. ಅಲ್ಲಿ ಅಲೆಯ ಹೊಡೆತ ಇರೋದಿಲ್ಲ.

ಗೇರ್ ಅನುಪಾತಕ್ಕೆ, ಅಂದರೆ ಹ್ಯಾಂಡಲ್ ಒಂದು ಸುತ್ತು ತಿರುಗಿಸಿದರೆ ದಾರ ಸ್ಪೂಲಿಗೆ ಎಷ್ಟು ಸುತ್ತು ಬೀಳುತ್ತೆ ಅನ್ನೋದಕ್ಕೆ, ಜಾಸ್ತಿ ತಲೆ ಕೆಡಿಸಿಕೊಳ್ಳಬೇಡಿ. ತುಂಬಿದ ಸ್ಪೂಲಿನ ಅಡ್ಡಳತೆ 50 ಮಿ.ಮೀ. ಇದ್ದು ಅನುಪಾತ 6.2 ಇದ್ದರೆ, ಹ್ಯಾಂಡಲಿನ ಒಂದು ಸುತ್ತಿಗೆ 97 ಸೆಂ.ಮೀ. ದಾರ ಬರುತ್ತೆ. 5.6 ಇದ್ದರೆ 88. ಲೂರ್ ಎಸೆಯುವವರಿಗೆ ಎರಡೂ ನಡೆಯುತ್ತೆ.

ಅಂಗಡಿಗೆ ಹೋಗುವಾಗ ಜೇಬಿನಲ್ಲಿ ಒಂದಷ್ಟು ಬ್ರೇಡ್ ಇಟ್ಟುಕೊಂಡು ಹೋದೆ. ಸ್ಪೂಲಿಗೆ ಅಷ್ಟು ಸುತ್ತಿ, ಡ್ರ್ಯಾಗ್ ಸ್ವಲ್ಪ ಬಿಗಿ ಮಾಡಿ, ನಿಧಾನಕ್ಕೆ ಎಳೆದೆ. ಎಳೆದು ನಿಲ್ಲಿಸಿ ಮತ್ತೆ ಎಳೆದೆ, ಯಾಕಂದರೆ ಅಂಟುವ ಡ್ರ್ಯಾಗ್ ಹೊರಡುವಾಗಲೇ ಸಿಕ್ಕಿಬೀಳೋದು. ಆಮೇಲೆ ದಾರವನ್ನು ಲೈನ್ ರೋಲರ್ (ದಾರ ಸ್ಪೂಲಿನ ಕಡೆ ತಿರುಗುವಲ್ಲಿರುವ ಪುಟ್ಟ ಗಾಲಿ) ಮೇಲೆ ಹಾಯಿಸಿ, ಎಳೆಯುತ್ತಾ ಕಣ್ಣು ಹತ್ತಿರ ಇಟ್ಟು ನೋಡಿದೆ. ರೋಲರ್ ದಾರದ ಜೊತೆ ತಿರುಗಬೇಕು. ಅದು ನಿಂತು ದಾರ ಮಾತ್ರ ಉಜ್ಜಿಕೊಂಡು ಹೋಗುತ್ತಿದ್ದರೆ ಬ್ರೇಡ್ ಬೇಗ ನೂಲು ನೂಲಾಗುತ್ತೆ. ಉಪ್ಪುನೀರಿನಲ್ಲಿ ಮೊದಲು ಹಾಳಾಗುವ ಬೇರಿಂಗ್ ಕೂಡ ಈ ರೋಲರ್ ಒಳಗಿನದೇ. ಕೊನೆಗೆ ಹ್ಯಾಂಡಲ್ ಹಿಡಿದು ಹಿಂದೆ ಮುಂದೆ ಅಲ್ಲಾಡಿಸಿದೆ. ಹಿಂದಕ್ಕೆ ಒಂದು ಕೂದಲಷ್ಟೂ ತಿರುಗಬಾರದು. ಅಂಗಡಿಯವರು ಇಷ್ಟಕ್ಕೂ ಬಿಟ್ಟರು. ಬಿಡದ ಅಂಗಡಿಯಲ್ಲಿ ತಗೊಳ್ಳಬೇಡಿ.

ತಂದ ಮೇಲೆ ನೋಡಿಕೊಳ್ಳೋದೂ ಆರಿಸಿದಷ್ಟೇ ಮುಖ್ಯ. ಮನೆಗೆ ಬಂದ ಕೂಡಲೇ ಡ್ರ್ಯಾಗ್ ಬಿಗಿ ಮಾಡಿ, ನಲ್ಲಿಯ ಸಿಹಿನೀರನ್ನು ಸಣ್ಣಗೆ ಬಿಟ್ಟು ತೊಳೆಯುತ್ತೇನೆ. ಬಿಗಿ ಮಾಡೋದು ವಾಷರ್‌ಗಳ ನಡುವೆ ನೀರು ಹೋಗಬಾರದು ಅಂತ. ಪೈಪಿನ ಜೋರು ನೀರು ಬೇಡ, ಬಕೆಟ್ಟಿನಲ್ಲಿ ಅದ್ದೋದಂತೂ ಬೇಡವೇ ಬೇಡ. ಒರೆಸಿ, ಡ್ರ್ಯಾಗ್ ಪೂರ್ತಿ ಸಡಿಲ ಮಾಡಿ, ಗಾಳಿಯಾಡುವ ಕಡೆ ಇಡುತ್ತೇನೆ. ಒದ್ದೆ ರೀಲನ್ನು ಕವರಿನೊಳಗೆ ಹಾಕಿದರೆ ಉಪ್ಪಿನ ಜೊತೆಗೇ ಕಟ್ಟಿಟ್ಟ ಹಾಗೆ. ಲೈನ್ ರೋಲರ್‌ಗೆ ಒಂದು ಹನಿ ತೆಳು ಎಣ್ಣೆ. ಮರಳಿನ ಮೇಲೆ ರೀಲ್ ಇಡೋದಿಲ್ಲ.

ಪಶ್ಚಿಮ ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ದೋಣಿಗಳಿಗೆ ಮೀನುಗಾರಿಕೆ ನಿಷೇಧ ಇರುತ್ತೆ. ಸಮುದ್ರವೂ ಆಗ ಕೆರಳಿರುತ್ತೆ, ಬಂಡೆಗೆ ಹೋಗೋದು ಕ್ಷೇಮ ಅಲ್ಲ. ನನ್ನ ರೀಲ್ ಬಿಚ್ಚುವ ಕಾಲ ಅದೇ. ಗೇರಿಗೆ ಗ್ರೀಸ್, ಬೇರಿಂಗಿಗೆ ಎಣ್ಣೆ. ಹಿಂದಕ್ಕೆ ತಿರುಗದಂತೆ ತಡೆಯುವ ರೋಲರ್ ಕ್ಲಚ್‌ಗೆ ಮಾತ್ರ ಗ್ರೀಸ್ ಹಚ್ಚಬೇಡಿ, ಅದು ಜಾರೋಕೆ ಶುರುವಾಗುತ್ತೆ. ಬಿಚ್ಚುವಾಗ ಒಂದೊಂದು ಭಾಗ ತೆಗೆದಂತೆ ಮೊಬೈಲಿನಲ್ಲಿ ಫೋಟೋ ತಗೊಳ್ಳಿ. ಡೈವಾದ ಮ್ಯಾಗ್‌ಸೀಲ್ಡ್ ರೀಲ್ ಇದ್ದರೆ ಮನೆಯಲ್ಲಿ ಬಿಚ್ಚಬೇಡಿ. ಅದರೊಳಗೆ ಕಾಂತದಿಂದ ನಿಲ್ಲುವ ಎಣ್ಣೆ ಇದೆ, ಒಮ್ಮೆ ಹೋದರೆ ಸರ್ವಿಸ್ ಸೆಂಟರಿನವರೇ ಹಾಕಬೇಕು. ಲೈನ್ ರೋಲರಿನ ಬೇರಿಂಗ್ ಒರಟಾಗಿ ತಿರುಗಿದರೆ ಕ್ಯಾಲಿಪರ್‌ನಲ್ಲಿ ಒಳ ಅಳತೆ, ಹೊರ ಅಳತೆ, ದಪ್ಪ ಬರೆದುಕೊಂಡು ಬೇರಿಂಗ್ ಅಂಗಡಿಯಲ್ಲೇ ಕೇಳಿ. ಸ್ಟೇನ್‌ಲೆಸ್ ಸ್ಟೀಲಿನದೇ ಬೇಕು ಅಂತ ಹೇಳಿ, ಎರಡು ತಗೊಂಡು ಬನ್ನಿ.