ಸನ್ನೆ ಭಾಷೆಯನ್ನು ಟೈಪ್ ಮಾಡುವುದು ಹೇಗೆ?

ಸನ್ನೆ ಭಾಷೆಗೂ ಲಿಪಿ ಇದೆ. ವ್ಯಾಲರಿ ಸಟನ್ ಅವರು ನೃತ್ಯದ ಹೆಜ್ಜೆಗಳನ್ನು ಬರೆದಿಡಲು ಒಂದು ಪದ್ಧತಿ ಕಟ್ಟಿದ್ದರು. ಅದರಿಂದಲೇ 1974ರಲ್ಲಿ ಡೆನ್ಮಾರ್ಕ್‌ನಲ್ಲಿ ಸೈನ್‌ರೈಟಿಂಗ್ ಹುಟ್ಟಿತು. ಕೈಯ ಆಕಾರ, ಅದು ಸಾಗುವ ದಾರಿ, ಮುಖದ ಭಾವ ಎಲ್ಲಕ್ಕೂ ಇದರಲ್ಲಿ ಚಿಹ್ನೆಗಳಿವೆ. ಭಾರತೀಯ ಸನ್ನೆ ಭಾಷೆಯನ್ನೂ ಇದರಲ್ಲಿ ಬರೆಯಬಹುದು. 2015ರಲ್ಲಿ, ಪ್ರತಿ ಅಕ್ಷರಕ್ಕೂ ಒಂದು ಅಂಕಿ ಕೊಡುವ ಜಾಗತಿಕ ಪಟ್ಟಿಯಾದ ಯೂನಿಕೋಡ್‌ನ 8ನೇ ಆವೃತ್ತಿ 672 ಚಿಹ್ನೆಗಳಿಗೆ ಜಾಗ ಕೊಟ್ಟಿತು. ಹಾಗಾಗಿ ಚಿತ್ರ ಅಂಟಿಸದೆಯೇ ಬರಹದ ನಡುವೆ ಒಂದು ಕೈಚಿಹ್ನೆ ಹಾಕಬಹುದು.

ಮೊದಲು ಫಾಂಟ್ ಬೇಕು. ಇಲ್ಲದಿದ್ದರೆ ಬರೀ ಖಾಲಿ ಡಬ್ಬಿಗಳು ಕಾಣುತ್ತವೆ. ಗೂಗಲ್‌ನ ನೋಟೋ ಸಾನ್ಸ್ ಸೈನ್‌ರೈಟಿಂಗ್ ಉಚಿತ, ಇಳಿಸಿಕೊಂಡು ಇನ್‌ಸ್ಟಾಲ್ ಮಾಡಿ. ಓದುವವರ ಕಂಪ್ಯೂಟರಿನಲ್ಲೂ ಅದು ಇರಬೇಕು ಅಲ್ವಾ? ಕಳಿಸುವ ಮುಂಚೆ ಅವರಿಗೂ ಹೇಳಿ.

ಈಗ ನೋಟ್‌ಪ್ಯಾಡ್‌ನಲ್ಲಿ 𝠀 ಎಂದು ಬರೆದು, ಎಚ್‌ಟಿಎಂಎಲ್ ಫೈಲ್ ಆಗಿ ಸೇವ್ ಮಾಡಿ, ಬ್ರೌಸರ್‌ನಲ್ಲಿ ತೆರೆಯಿರಿ. ತೋರುಬೆರಳು ಎತ್ತಿದ ಮುಷ್ಟಿ ಮೂಡುತ್ತದೆ: ಪುಟ್ಟ ಚೌಕ, ಅದರಿಂದ ಮೇಲೆದ್ದ ಗೆರೆ. ಚೌಕ ಬಿಳಿ ಇದ್ದರೆ ಅಂಗೈ ಸನ್ನೆ ಮಾಡುವವರ ಕಡೆಗೇ ಇದೆ ಎಂದರ್ಥ. ಇಲ್ಲಿ ಎಲ್ಲವೂ ಸನ್ನೆ ಮಾಡುವವರಿಗೆ ಕಾಣುವ ಹಾಗೆ, ಎದುರಿಗಿರುವವರಿಗೆ ಕಾಣುವ ಹಾಗಲ್ಲ. ಹೊಸಬರು ತಡವರಿಸುವುದು ಇಲ್ಲೇ.

ಮುಂದಿನ ಹೆಜ್ಜೆ ಕನ್ನಡದವರಿಗೆ ಸಲೀಸು. 'ಕ'ಗೆ ಗುಡಿಸು ಸೇರಿ 'ಕಿ' ಆಗುವ ಹಾಗೆ, ಮೂಲ ಚಿಹ್ನೆಯ ಬೆನ್ನಿಗೇ ಇನ್ನೊಂದು ಸಂಕೇತ ಸೇರಿಸಬೇಕು. 𝠀𝪜 ಎಂದು ಬರೆಯಿರಿ. ಚೌಕ ಕಪ್ಪಾಗುತ್ತದೆ, ಅಂದರೆ ಈಗ ಕಾಣುತ್ತಿರುವುದು ಕೈಯ ಹಿಂಬದಿ. 121500ರ ಬದಲು 121499 ಹಾಕಿದರೆ ಅರ್ಧ ಬಿಳಿ, ಅರ್ಧ ಕಪ್ಪು: ಕೈ ಪಕ್ಕಕ್ಕೆ ತಿರುಗಿದೆ. 121501ರಿಂದ 121503ರವರೆಗಿನವು ನೆಲಕ್ಕೆ ಸಮನಾಗಿ ಚಾಚಿದ ಕೈಗೆ.

ಚಿಹ್ನೆಯನ್ನು ತಿರುಗಿಸುವ ಸಂಕೇತಗಳೇ ಬೇರೆ, 121505ರಿಂದ 121519ರವರೆಗೆ. ಮೊದಲ ಏಳು, 45 ಡಿಗ್ರಿ ಲೆಕ್ಕದಲ್ಲಿ ಗಡಿಯಾರದ ಮುಳ್ಳಿಗೆ ಎದುರಾಗಿ ತಿರುಗಿಸುತ್ತವೆ. 121512 ಹಾಕಿದರೆ ಚಿಹ್ನೆ ಎಡಬಲ ಅದಲುಬದಲಾಗಿ ಎಡಗೈ ಬರುತ್ತದೆ. ಎರಡೂ ಬೇಕಿದ್ದರೆ ಮೊದಲು ಬಣ್ಣದ್ದು, ಆಮೇಲೆ ತಿರುಗಿಸುವುದು.

ಇಷ್ಟಕ್ಕೆ ಒಂದು ಕೈ ಸಿದ್ಧ. ಪೂರ್ತಿ ಸನ್ನೆ ಬರೆಯಲು ಮಾತ್ರ ಯೂನಿಕೋಡ್ ಒಂದೇ ಸಾಲದು. ತಲೆ (121343) ಮತ್ತು ಕೈ ಎರಡನ್ನೂ ಟೈಪ್ ಮಾಡಿ ನೋಡಿ, ಸುಮ್ನೆ ಪಕ್ಕಪಕ್ಕ ನಿಲ್ಲುತ್ತವೆ. ಕೈ ಹಣೆಯ ಹತ್ತಿರ ಇದೆಯೋ ಗದ್ದದ ಹತ್ತಿರವೋ ಗೊತ್ತಾಗುವುದೇ ಇಲ್ಲ. ಸನ್ನೆಯ ಅರ್ಥವೇ ಬದಲಾಗಬಹುದಾದ್ದರಿಂದ ನನ್ನ ಪ್ರಕಾರ ಇದು ಸಣ್ಣ ಕೊರತೆಯಲ್ಲ. ಅಂಥಲ್ಲಿ ಸೈನ್‌ಮೇಕರ್ ಎಂಬ ಉಚಿತ ಆನ್‌ಲೈನ್ ಸಾಧನ ಬಳಸಿ. ಚಿಹ್ನೆಗಳನ್ನು ಎಳೆದು ಅವುಗಳ ಜಾಗದಲ್ಲಿ ಇಟ್ಟರೆ, ಫಾರ್ಮಲ್ ಸೈನ್‌ರೈಟಿಂಗ್ ಎಂಬ ಸಂಕೇತದ ಸಾಲೊಂದು ಸಿಗುತ್ತದೆ. 500, 500 ಎಂಬುದು ನಡುಬಿಂದು. ಪ್ರತಿ ಚಿಹ್ನೆಯ ಜಾಗವೂ ಅದಕ್ಕೆ ಹೊಂದಿಕೊಂಡು ಅಂಕಿಯಲ್ಲಿರುತ್ತದೆ.

ಇದನ್ನೆಲ್ಲ ಡೇಟಾಬೇಸ್‌ಗೆ ಹಾಕುವವರಿಗೆ ಇನ್ನೊಂದು ಮಾತು. ಯುಟಿಎಫ್-8ರಲ್ಲಿ ಕನ್ನಡದ ಅಕ್ಷರಕ್ಕೆ 3 ಬೈಟ್ ಸಾಕು, ಈ ಚಿಹ್ನೆಗಳಿಗೆ 4 ಬೇಕು. ಮೈಎಸ್‌ಕ್ಯೂಎಲ್‌ನ ಹಳೆಯ 'ಯುಟಿಎಫ್8' 3ಕ್ಕೇ ನಿಲ್ಲುತ್ತದೆ. ಕನ್ನಡ ಚೆನ್ನಾಗಿಯೇ ಬರುತ್ತಿದೆಯಲ್ಲ ಎಂದು ನಂಬಿ ಕೂರಬೇಡಿ, 'ಯುಟಿಎಫ್8ಎಂಬಿ4' ಆರಿಸಿ.