ಯೀಸ್ಟ್‌ನ ತಾಯಿ ಕೋಶದಿಂದ ಮೊಗ್ಗಿಗೆ ರಸದಾನಿ ದಾಟುವುದನ್ನು ನೋಡುವ ವಿಧಾನ

ಬೇಕರಿ ಯೀಸ್ಟನ್ನು 30 ಡಿಗ್ರಿ ಸೆಲ್ಸಿಯಸ್‌ನಲ್ಲಿ ಚುರುಕಾಗಿ ವಿಭಜನೆಗೊಳ್ಳುವ ಹಂತದವರೆಗೆ ಬೆಳೆಸಿ, ರಸದಾನಿಯ (ಕೋಶದೊಳಗಿನ, ಪೊರೆಯಿಂದ ಸುತ್ತುವರಿದ ಚೀಲ; ವ್ಯಾಕ್ಯೂಲ್) ಪೊರೆಯನ್ನು ಸೇರುವ ಎಫ್‌ಎಂ 4-64 ಬಣ್ಣದಲ್ಲಿ ಸುಮಾರು ಅರ್ಧ ಗಂಟೆ ಇರಿಸಬೇಕು. ಬಳಿಕ ಕೋಶಗಳನ್ನು ಚೆನ್ನಾಗಿ ತೊಳೆದು, ಬಣ್ಣವಿಲ್ಲದ ಹೊಸ ಮಾಧ್ಯಮದಲ್ಲಿ ಒಂದೂವರೆಯಿಂದ ಮೂರು ಗಂಟೆ ಬೆಳೆಯಲು ಬಿಡಬೇಕು. ಇಲ್ಲಿ ಆತುರಪಟ್ಟರೆ, ಮೊಗ್ಗಿನಲ್ಲಿ, ಅಂದರೆ ತಾಯಿ ಕೋಶದಿಂದ ಚಿಗುರುವ ಮರಿಕೋಶದಲ್ಲಿ, ಕಾಣುವ ಬಣ್ಣ ತಾಯಿಯಿಂದ ಬಂದದ್ದೋ ಹೊರಗಿನಿಂದ ಬಂದದ್ದೋ ತಿಳಿಯದು.

ಪ್ರತಿದೀಪ್ತಿ ಸೂಕ್ಷ್ಮದರ್ಶಕದಲ್ಲಿ ಸಣ್ಣ ಮೊಗ್ಗುಳ್ಳ ಕೋಶಗಳನ್ನೇ ಮೊದಲು ಹುಡುಕಿ. ತಾಯಿಯ ರಸದಾನಿಯಿಂದ ಹೊರಟ, ಕೊಳವೆಯಂಥ ಇಲ್ಲವೇ ಮಣಿಸಾಲಿನಂಥ ರಚನೆಯೊಂದು ಮೊಗ್ಗಿನೊಳಗೆ ಚಾಚಿರುತ್ತದೆ. ಕೋಶದೊಳಗಿನ ಆಕ್ಟಿನ್ ಎಂಬ ಪ್ರೋಟೀನಿನ ಎಳೆಗಳ ಮೇಲೆ ನಡೆಯುವ ಮಯೋ2 ಎಂಬ ಮೋಟಾರ್ ಪ್ರೋಟೀನ್, ವ್ಯಾಕ್17 ಎಂಬ ಕೊಂಡಿ ಪ್ರೋಟೀನಿನ ಮೂಲಕ ಅದನ್ನು ಎಳೆದೊಯ್ಯುತ್ತದೆ. ವ್ಯಾಕ್17 ಇಲ್ಲದ ತಳಿಯನ್ನೂ ಜೊತೆಗಿಟ್ಟು ಹೋಲಿಸಿ. ಅಲ್ಲಿ ಬಹುತೇಕ ಮೊಗ್ಗುಗಳು ಬಣ್ಣವಿಲ್ಲದೆ ಉಳಿದರೂ ಸಾಯದೆ, ತಮ್ಮ ರಸದಾನಿಯನ್ನು ಹೊಸದಾಗಿ ಕಟ್ಟಿಕೊಳ್ಳುತ್ತವೆ. ನನ್ನ ಮಟ್ಟಿಗೆ ಪ್ರಯೋಗದ ಅತ್ಯಂತ ಸೊಗಸಾದ ಘಟ್ಟ ಇದೇ.